ಖಂಡೆ ಪೂಜೆಗೆ ಕೂತ ಹೋವರ್‌ಕ್ರಾಫ್ಟ್

ಐವತ್ತು ದಾಟಿದ ಗಂಡಸು ಮನೆಯಲ್ಲಿ ಏನನ್ನೋ ಮುಚ್ಚಿಡುತ್ತಿದ್ದಾನೆಂದರೆ ಜನ ಊಹಿಸುವುದು ಎರಡನ್ನೇ: ಬಾಟಲಿ, ಇಲ್ಲವೇ ಇಸ್ಪೀಟು. ಇವೆರಡರಲ್ಲಿ ಒಂದಾಗಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವಕ್ಕೆ ಸಮಾಜದಲ್ಲಿ ಒಂದು ಸ್ಥಾನವಿದೆ. ಬೈಯುವವರಿಗೂ ಏನೆಂದು ಬೈಯಬೇಕೆಂಬುದು ಗೊತ್ತಿರುತ್ತದೆ. ನಾನು ಅಡಗಿಸಿಡುತ್ತಿದ್ದದ್ದು ಅಂಗೈಯಗಲದ ಒಂದು ಯುದ್ಧದ ಹೋವರ್‌ಕ್ರಾಫ್ಟನ್ನು. ಇನ್ನೂ ಯಾರೂ ಕಾಲಿಡದ ಯಾವುದೋ ಗ್ರಹದ ಮೇಲೆ, ಇನ್ನೂ ಹುಟ್ಟಿರದ ಎರಡು ಸೈನ್ಯಗಳು ಹೊಡೆದಾಡುವ ಆಟವೊಂದಿದೆ. ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು ನಡೆಸಿ, ದಾಳ ಉರುಳಿಸಿ ಯಾರು ಬಿದ್ದರು ಯಾರು ಉಳಿದರು ಎಂದು ತೀರ್ಮಾನಿಸುವುದು. ಅದರಲ್ಲಿ ನನ್ನ ಪಡೆಯ ಹೆಮ್ಮೆ ಈ ವಾಹನ. ಗಾಳಿಯ ಮೆತ್ತೆಯ ಮೇಲೆ ತೇಲುತ್ತ ನೆಲ, ಕೆಸರು, ನೀರು ಯಾವುದನ್ನೂ ಲೆಕ್ಕಿಸದೆ ಓಡುತ್ತದೆ. ಮೂತಿಗೆ ಒಂದು ತೋಪು, ಹಿಂದೆ ಮೂವರು ಕೂರುವಷ್ಟು ಜಾಗ. ಕವಚ ಮಾತ್ರ ಬಹಳ ತೆಳು. ಗಟ್ಟಿಯಾಗಿ ಬೈದರೂ ಮುರಿಯುತ್ತದೆ ಎನ್ನಬಹುದು. ಆ ಗುಣ ನನಗೂ ಇರುವುದರಿಂದಲೇ ಅದರ ಮೇಲೆ ಅಷ್ಟು ಮಮತೆ ಇರಬೇಕು.

ದಾಂಡೇಲಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುವ ನನಗೆ ಈ ಚಟ ಹತ್ತಿಸಿದವರು ಹಳಿಯಾಳದ ಭೂಗೋಳದ ಮಾಸ್ತರು, ಹಂಚಿನಮನಿಯವರು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತೇನೆ. ಚೀಲದ ತಳದಲ್ಲಿ ಸೈನ್ಯ, ಮೇಲೆ ಒಂದು ಟವೆಲ್ಲು, ಅದರ ಮೇಲೆ ಯಾರಾದರೂ ಇಣುಕಿದರೆ ಇರಲಿ ಎಂದು ನಾಲ್ಕು ಬದನೆಕಾಯಿ. ಪಾರ್ಸೆಲ್ ತರುವವನು ಒಮ್ಮೆ ಡಬ್ಬಿ ಅಲ್ಲಾಡಿಸಿ ಏನಿದು ಎಂದದ್ದಕ್ಕೆ ಮಿಕ್ಸರಿನ ಬಿಡಿಭಾಗ ಎಂದಿದ್ದೆ. ಆಮೇಲೆ ನಮ್ಮ ಮನೆಯ ಮಿಕ್ಸರು ಎಷ್ಟು ಕೆಡುತ್ತದೆಂದು ಅವನೇ ಮರುಗಿ, ಹುಬ್ಬಳ್ಳಿಯ ಒಂದು ಒಳ್ಳೆಯ ಅಂಗಡಿಯ ವಿಳಾಸ ಕೊಟ್ಟ. ಹೆಂಡತಿ ಗಿರಿಜಾಗೆ ಎಲ್ಲ ಗೊತ್ತು. "ನಿಮ್ಮ ದಂಡು ಊಟದ ಟೇಬಲ್ ಮ್ಯಾಲಿಂದ ಎಬ್ಬಸ್ರಿ, ಪಲ್ಯ ಇಡಬೇಕು" ಎನ್ನುವುದಕ್ಕಿಂತ ಹೆಚ್ಚಿನ ಯುದ್ಧ ಅವಳು ನನ್ನೊಡನೆ ಹೂಡಿಲ್ಲ.

ಮಾನದ ಪ್ರಶ್ನೆ ಬಂದದ್ದು ನವರಾತ್ರಿಗೆ ಸಾಂಬ್ರಾಣಿಯಿಂದ ಅತ್ತೆಯವರು ಬಂದಾಗ. ನಮ್ಮ ಅತ್ತೆಗೆ ಅಳಿಯನೆಂದರೆ ಬಹಳ ಗೌರವ. ನಾನು ಕುರ್ಚಿಯಲ್ಲಿದ್ದರೆ ಅವರು ಮಂಚದ ಮೇಲೂ ಕೂರುವುದಿಲ್ಲ. ಇಷ್ಟು ವರ್ಷ ಆ ಗೌರವಕ್ಕೆ ತಕ್ಕ ಮುಖ ಹೊತ್ತು ಅವರೆದುರು ಓಡಾಡಿದ್ದೇನೆ. ಅಂಥವರು ಒಂದು ಮಧ್ಯಾಹ್ನ, ನಾನು ಮೂಗಿನ ತುದಿಗೆ ಕನ್ನಡಕ ಇಳಿಸಿ, ನಾಲಿಗೆ ಹೊರಗೆ ಹಾಕಿ, ಹೋವರ್‌ಕ್ರಾಫ್ಟಿಗೆ ಹಸಿರು ಬಣ್ಣ ಬಳಿಯುತ್ತಿದ್ದಾಗ ಚಹಾ ಹಿಡಿದು ಬಂದು ನಿಂತರು.

"ಏನ್ರಿ ಅದು, ಅಳಿಯಾರ?"

ಆಟಿಕೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆಯೇ. "ಇದು ಮಾದರಿ, ಅತ್ಯಾರ. ಹೊಳಿ ಬಂದಾಗ ಮಂದೀನ್ನ ಉಳಸೋ ದೋಣಿ. ನೀರ ಮುಟ್ಟಂಗಿಲ್ಲ, ಮ್ಯಾಲ ಮ್ಯಾಲ ಹೋಗತೈತಿ. ನಮ್ಮ ಡಿಪಾರ್ಟಮೆಂಟಿನ್ಯಾಗ ತಯಾರ ಮಾಡಾಕತ್ತೇವಿ."

ಅವರು ಹತ್ತಿರ ಬಂದು ಬಗ್ಗಿ ನೋಡಿದರು. "ಮುಂದ ಈ ಕೊಳವಿ?"

ಅದು ತೋಪು. ಹೇಗೆ ಹೇಳಲಿ? "ಹಗ್ಗ ಒಗಿಯೋದು. ಎಷ್ಟು ದೂರ ಇದ್ರೂ ಮುಟ್ಟತೈತಿ" ಎಂದೆ. ಸುಳ್ಳು ನುಣ್ಣಗೆ ಹೊರಬಂದದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು.

ಅತ್ತೆ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟು ನೆಲಕ್ಕೆ ಕೂತರು. ಅವರಿಗೊಬ್ಬ ತಮ್ಮನಿದ್ದ, ಈರಪ್ಪ. ಮಳೆಗಾಲದಲ್ಲಿ ಎತ್ತು ತರಲು ಹಳ್ಳ ದಾಟಿದವನು ಮರಳುವಾಗ ನೀರು ಏರಿತಂತೆ. ಹಳ್ಳದ ನಡುವಿನ ಬಂಡೆ ಹತ್ತಿ ನಿಂತ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತೇ ಇದ್ದ. ಊರೆಲ್ಲ ದಂಡೆಯ ಮೇಲೆ ಸೇರಿತ್ತು. "ಬಾವಿ ಹಗ್ಗ, ಎತ್ತಿನ ಹಗ್ಗ, ಎಲ್ಲಾ ಕೂಡಿಸಿ ಒಗದ್ರು. ಒಂದ್ ಮಾರು ಕಡಿಮಿ ಬಿತ್ತು. ಅಂವ ನಮ್ಮ ಕಡೆನ ನೋಡ್ತಿದ್ದ" ಎಂದರು. ಸೆರಗಿನ ತುದಿಯಿಂದ ಮೂಗೊರೆಸಿಕೊಂಡು, "ಛಲೋ ಕೆಲಸ ಮಾಡಾಕತ್ತೀರಿ" ಎಂದು ಎದ್ದು ಹೋದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಈ ಕಥೆ ನನ್ನ ಕಿವಿಗೆ ಬಿದ್ದಿರಲಿಲ್ಲ, ಏಕೆಂದರೆ ನಾನು ಒಮ್ಮೆಯೂ ಅವರನ್ನು ಏನನ್ನೂ ಕೇಳಿರಲಿಲ್ಲ. ಚಹಾ ಆರಿಹೋಯಿತು. ಕುಡಿಯುವ ಯೋಗ್ಯತೆಯೂ ನನಗಿರಲಿಲ್ಲ.

ಖಂಡೆ ಪೂಜೆಯ ದಿನ ನಮ್ಮ ಕಡೆ ಮನೆಯ ಲೋಹವೆಲ್ಲ ಹೊರಬರುತ್ತದೆ. ಕುಡುಗೋಲು, ಈಳಿಗೆ, ಸ್ಪ್ಯಾನರು, ಸ್ಕೂಟರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಸಾಲಿನ ನಟ್ಟನಡುವೆ, ಮಣೆಯ ಮೇಲೆ, ಮೂರು ಬೆರಳಿನ ವಿಭೂತಿ ಬಳಿಸಿಕೊಂಡು ನನ್ನ ಹೋವರ್‌ಕ್ರಾಫ್ಟು ಕೂತಿದೆ. ಅದಕ್ಕೆ ಮಾತ್ರ ಪ್ರತ್ಯೇಕ ತೆಂಗಿನಕಾಯಿ. ಪ್ರಸಾದಕ್ಕೆ ಬಂದ ಅಕ್ಕಪಕ್ಕದವರಿಗೆಲ್ಲ ಅತ್ತೆ ಅದರ ಕೆಲಸ ವಿವರಿಸುತ್ತಿದ್ದರು. ಹಗ್ಗದ ಭಾಗ ಬಂದಾಗ ಕೈಯನ್ನು ಉದ್ದಕ್ಕೆ ಚಾಚಿ ತೋರಿಸುತ್ತಿದ್ದರು. ಎದುರು ಮನೆಯ ನಾಯಕ ಎಂಬಾತ ಕಾರ್ಖಾನೆಯಲ್ಲಿ ನನ್ನದೇ ಪಾಳಿಯವನು. ನನ್ನ ಮುಖವನ್ನು, ಹೋವರ್‌ಕ್ರಾಫ್ಟನ್ನು ಸರದಿಯ ಮೇಲೆ ನೋಡಿ, "ಹೌದೇನ್ರಿ? ನಮ್ಮ ಸ್ಟೋರಿನ್ಯಾಗ ಇಂಥಾವೂ ಬಂದಾವೇನು?" ಎಂದು ಬಹಳ ವಿನಯದಿಂದ ಕೇಳಿದ. ಗಿರಿಜಾ ಕೋಸಂಬರಿ ಬಡಿಸುವ ನೆವದಲ್ಲಿ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

ಮುಂದಿನ ಭಾನುವಾರ ವಿಭೂತಿ ಅಳಿಸಲು ಧೈರ್ಯವಾಗದೆ ಹಾಗೇ ತೆಗೆದುಕೊಂಡು ಹೋದೆ. "ಇದ್ಯಾವ ರೆಜಿಮೆಂಟಿನ ಗುರ್ತರೀ?" ಎಂದರು ಮಾಸ್ತರು. ಆಟ ಶುರುವಾಯಿತು. ಎರಡನೇ ಸರದಿಗೇ ಅವರ ಟ್ಯಾಂಕು ನನ್ನ ತೋಪಿನ ಎದುರಿಗೆ ಬಂತು. ದಾಳ ಕೈಯಲ್ಲಿ ಹಿಡಿದೆ, ಹಗ್ಗ ಒಗೆಯುವ ಕೊಳವೆಯಿಂದ ಗುಂಡು ಹಾರಿಸಲು ಮನಸ್ಸು ಬರಲಿಲ್ಲ. ಹೊಳೆ ಎಂದು ಹಾಸಿದ್ದ ನೀಲಿ ಬಟ್ಟೆಯ ಆಚೆ ನನ್ನ ಮೂವರು ಸೈನಿಕರು ಸಿಕ್ಕಿಬಿದ್ದಿದ್ದರು. ನಿಯಮದ ಪ್ರಕಾರ ಅವರನ್ನು ಬಿಟ್ಟುಬಿಡುವುದೇ ಲಾಭ. ನಾನು ಹೋಗಿ ಹತ್ತಿಸಿಕೊಂಡು ಬಂದೆ. "ಯುದ್ಧ ಮಾಡಾಕ ಬಂದೀರೋ, ಅಂಬುಲನ್ಸ್ ಓಡಸಾಕ ಬಂದೀರೋ?" ಎಂದು ಮಾಸ್ತರು ಬೇಸರ ಮಾಡಿಕೊಂಡು, ಹೆಚ್ಚು ಕಷ್ಟಪಡದೆ ಗೆದ್ದರು.

ಮನೆಗೆ ಬಂದಾಗ ಅತ್ತೆ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. "ಇವತ್ತು ದೋಣಿ ತಗೊಂಡು ಹೋಗಿದ್ರಂತ. ಯಾರನ್ನರ ಉಳಸಿದ್ರೇನು?"

"ಮೂರು ಮಂದೀನ್ನ" ಎಂದೆ. ಈ ವಿಷಯದಲ್ಲಿ ಅವರಿಗೆ ನಾನು ಹೇಳಿದ ಮೊದಲ ನಿಜ ಅದು.

ಅವರ ಕೈ ನಿಂತಿತು. "ಯಾವೂರವ್ರು? ಅವರ ಮನಿಯವ್ರಿಗೆ ಹೇಳಿ ಕಳಸ್ಯಾರೋ ಇಲ್ಲೋ? ದಾರಿ ನೋಡ್ತಿರ್ತಾರ, ಪಾಪ."

ಅಲ್ಲಿಯೇ, ಅವರೆ ಸಿಪ್ಪೆಯ ನಡುವೆ, ಅಳಿಯನ ಗೌರವವನ್ನೆಲ್ಲ ಬದಿಗಿಟ್ಟು ನೆಲಕ್ಕೆ ಕೂತೆ. ಆಟ, ಗೊಂಬೆ, ತೋಪು, ಬದನೆಕಾಯಿ, ಒಂದೂ ಬಿಡದೆ ಹೇಳಿದೆ. ನಿಮ್ಮ ತಮ್ಮನ ಸುದ್ದಿ ಗೊತ್ತಿದ್ದರೆ ಹಗ್ಗದ ಮಾತು ಆಡುತ್ತಿರಲಿಲ್ಲ ಎಂದೂ ಹೇಳಿದೆ. ಮುಖ ಎತ್ತಿ ನೋಡಲಾಗಲಿಲ್ಲ. ಅತ್ತೆ ಬಹಳ ಹೊತ್ತು ಕಾಯಿ ಬಿಡಿಸಿದರು. ಆಮೇಲೆ, "ಆ ಮೂವರು ಸಾಯಾಂವ್ರಿದ್ರೇನು?" ಎಂದು ಕೇಳಿದರು.

"ಹೌದ್ರಿ. ಬಿಟ್ಟು ಬಂದಿದ್ರ ಸಾಯ್ತಿದ್ರು."

"ನೀವು ಹೋಗಿ ಕರಕೊಂಡ ಬಂದ್ರಿ?"

"ಹೌದ್ರಿ."

"ಆಟದಾಗರ ಉಳೀಲಿ ಬಿಡ್ರಿ" ಎಂದು ಎದ್ದು, ಚೀಲದಿಂದ ಹೋವರ್‌ಕ್ರಾಫ್ಟನ್ನು ತಾವೇ ತೆಗೆದು ದೇವರ ಕೋಣೆಯ ಜಗಲಿಯ ಮೇಲೆ, ದೇವರ ಪಕ್ಕ ಇಟ್ಟರು.

ಅತ್ತೆ ಊರಿಗೆ ಮರಳಿದ್ದಾರೆ. ಪ್ರತಿ ಭಾನುವಾರ ಸಂಜೆ ಫೋನು ಬರುತ್ತದೆ. ಗಿರಿಜಾ ಎತ್ತಿದರೆ "ಅವರಿಗೆ ಕೊಡು" ಎನ್ನುತ್ತಾರೆ. ಎಷ್ಟು ಮಂದಿ ಎಂಬ ಒಂದೇ ಪ್ರಶ್ನೆ. ಇಬ್ಬರು, ಮೂವರು, ಒಮ್ಮೆ ಎರಡು ಸಲ ಹೋಗಿ ಬಂದು ಐವರು. ನಾನು ಒಂದು ಆಟವನ್ನೂ ಗೆದ್ದಿಲ್ಲ. ಇನ್ನು ಮುಂದೆ ಅವರಿಗೆ ನಿಜವನ್ನೇ ಹೇಳುತ್ತೇನೆಂದು ಆ ಜಗಲಿಯ ಮುಂದೆ ನಿಂತು ಆಣೆ ಮಾಡಿದ್ದೆ. ಕಳೆದ ಭಾನುವಾರ ಮೊದಲ ಸರದಿಯಲ್ಲೇ ಮಾಸ್ತರ ದಾಳಕ್ಕೆ ಆರು ಬಿತ್ತು. ನೀಲಿ ಬಟ್ಟೆಯ ನಡುವೆಯೇ ಹೋವರ್‌ಕ್ರಾಫ್ಟು ಮುಳುಗಿತು, ಒಳಗಿದ್ದವರು ಯಾರೂ ಉಳಿಯಲಿಲ್ಲ. ಸಂಜೆ ಫೋನು ಬಂತು.

"ಎಷ್ಟು ಮಂದಿರಿ, ಅಳಿಯಾರ?"

"ನಾಕು ಮಂದಿ, ಅತ್ಯಾರ" ಎಂದೆ. "ಎಲ್ಲಾರೂ ಮನಿ ಮುಟ್ಯಾರ."