ದೂತನ ಆಕಳಿಕೆ

ಆರ್ಗಿರಿಸನಿಗೆ ದೃಷ್ಟಿಯಾದದ್ದು ಬೆಳಗಿನ ಕಾಫಿಗೂ ಮುಂಚೆ. ಎದುರುಮನೆಯ ದೊಮ್ನಾ ಮಹಡಿಯಿಂದ ಬಗ್ಗಿ, "ಏನೋ ಆರ್ಗಿರಿ, ಇವತ್ತು ಮುಖದಲ್ಲಿ ಭಾರಿ ಕಳೆ ಬಂದ್ಬಿಟ್ಟಿದೆ" ಅಂದಳು. ಅಂದವಳು ಉಗುಳುವುದನ್ನು ಮರೆತಳು. ಹೊಗಳಿದ ಮೇಲೆ ಥೂ ಥೂ ಅನ್ನದವರನ್ನು ನಮ್ಮೂರಲ್ಲಿ ಯಾರೂ ಕ್ಷಮಿಸುವುದಿಲ್ಲ.

ಕಳೆ ಬಂದದ್ದೇನೋ ನಿಜ. ಈ ಕ್ಷೌರಿಕ ಮದುವೆಗೂ ಮುಂಚಿನಿಂದ ಊರ ನಾಟಕ ತಂಡದಲ್ಲಿದ್ದರೂ ಸದಾ ಗುಂಪಾಗಿ ನಿಂತು ಹಾಡುವ ಮೇಳದವನು, ಮೇಳದವರಿಗೆಲ್ಲ ಮುಖವಾಡ. ಅದೇ ಮೇಳದಲ್ಲಿದ್ದ ಭಾವಮೈದ ಸ್ತಾಥಿಸ್, "ಅದರೊಳಗೆ ನಮ್ಮ ಭಾವ ಇದಾನೋ, ಬರೀ ಗಾಳಿ ಇದೆಯೋ?" ಎಂದು ಸಂತೆಯಲ್ಲೇ ಕೇಳುತ್ತಿದ್ದ. ಈಗ, ನಮ್ಮ ತಂಡ ಹಳೇ ದುರಂತ ನಾಟಕ ಆಡುವುದನ್ನೇ ಸಿನಿಮಾ ಮಾಡಲು ಅಥೆನ್ಸಿನಿಂದ ಬಂದ ನಿರ್ದೇಶಕಿ ಮಿರ್ತೊ, ರಾಜ ಸತ್ತ ಸುದ್ದಿ ತರುವ ದೂತನ ಪಾತ್ರವನ್ನು ಆರ್ಗಿರಿಸನಿಗೆ ಕೊಟ್ಟಿದ್ದಳು. ದೂತನಿಗೆ ಮುಖವಾಡವಿಲ್ಲ. ಒಮ್ಮೆಯಾದರೂ ಊರು ತನ್ನ ಮುಖ ನೋಡಲಿ ಎಂಬುದೊಂದೇ ಅವನ ಆಸೆ. ಇವತ್ತು ಸಂಜೆಯೇ ಚಿತ್ರೀಕರಣ.

ಕಾಫಿ ಮುಗಿಯುವುದರೊಳಗೆ ತಲೆ ಸಿಡಿಯತೊಡಗಿತು. ಹೆಂಡತಿ ಎವಾಂಥಿಯಾ ನೀರಿಗೆ ಎಣ್ಣೆ ಹನಿ ಬಿಟ್ಟು ನೋಡಿದಳು. ಎಣ್ಣೆ ಹರಡಿತು.

"ದೃಷ್ಟಿನೇ. ದೊಮ್ನಾನ್ನ ಕರೀತೀನಿ ಇರು."

"ಹಾಕಿದೋಳೇ ಅವಳು ಕಣೆ."

"ತೆಗೆಯೋ ಮಂತ್ರ ಬರೋದೂ ಅವಳಿಗೇ."

ದೊಮ್ನಾ ಬಂದು ಮಣಮಣ ಮಂತ್ರ ಹೇಳಿ ಆಕಳಿಸಿದಳು. ದೃಷ್ಟಿ ದೊಡ್ಡದಾದಷ್ಟೂ ಆಕಳಿಕೆ ದೊಡ್ಡದು. ಅವಳನ್ನು ನೋಡಿ ಎವಾಂಥಿಯಾ ಆಕಳಿಸಿದಳು, ಅವಳನ್ನು ನೋಡಿ ಇವನು. "ಇನ್ನೂ ಹೋಗಿಲ್ಲ" ಎಂದು ದೊಮ್ನಾ ಮತ್ತೆ ಶುರುಮಾಡಿದಳು. ಕೊನೆಗೆ ತಲೆನೋವು ಹೋಯಿತು, ಆಕಳಿಕೆ ಉಳಿಯಿತು. ಅಂಗಡಿಯಲ್ಲಿ ಸ್ತಾಥಿಸನ ಗಡ್ಡ ಹೆರೆಯುವಾಗಲೂ ಒಂದು ಬಂತು. ಅರ್ಧ ಮೀಸೆ ಕೆಳಗೆ ಬಿತ್ತು.

"ನಿನ್ನ ಮುಖ ಊರು ನೋಡೋದಕ್ಕೆ ನನ್ನ ಮುಖ ಹಾಳಾಗ್ಬೇಕಿತ್ತಾ ಭಾವ?"

ಆರ್ಗಿರಿಸ್ ಉತ್ತರವಾಗಿ ಆಕಳಿಸಿದ.

ಸಂಜೆ ಕಲ್ಲಿನ ಬಯಲು ರಂಗಮಂದಿರ ಸುತ್ತಲೂ ಜನರಿಂದ ಭರ್ತಿಯಾಗಿತ್ತು. ಆರ್ಗಿರಿಸ್ ಏದುಸಿರು ಬಿಡುತ್ತ ಓಡಿಬಂದ. "ಪುರಜನರೇ, ನಮ್ಮ ದೊರೆ..." ಎಂದವನ ಬಾಯಿ ತೆರೆಯಿತು, ತೆರೆದೇ ಇತ್ತು. ಕಣ್ಣಲ್ಲಿ ನೀರು ಸುರಿಯಿತು. ಮತ್ತೆ ಪ್ರಯತ್ನಿಸಿದ, ಮತ್ತೆ ಅದೇ. ದೊರೆ ಏನಾದನೆಂದು ಯಾರಿಗೂ ತಿಳಿಯಲಿಲ್ಲ. ನಾಚಿಕೆಯಿಂದ ಅವನು ಅಲ್ಲೇ ಕುಸಿದು ಕುಳಿತ.

ಮಿರ್ತೊ ಕಣ್ಣೊರೆಸಿಕೊಳ್ಳುತ್ತ ಬಂದಳು. "ಇಂಥ ದುಃಖ ನಾನೆಲ್ಲೂ ನೋಡಿಲ್ಲ. ಎಂಥ ಮುಖ ರೀ ನಿಮ್ದು."

ಊರೆಲ್ಲ ಚಪ್ಪಾಳೆ ತಟ್ಟಿತು. ಆರ್ಗಿರಿಸನಿಗೆ ಎದೆ ತುಂಬಿ ಬಂತು. ಸ್ವರ್ಗಕ್ಕೆ ಮೂರೇ ಗೇಣು.

ಮರುದಿನ ಮಿರ್ತೊ ಪ್ಲಾಸ್ಟರ್ ಕಲಸಿದ ಬಕೆಟ್ ಹಿಡಿದು ಅಂಗಡಿಗೇ ಬಂದಳು. "ನಿನ್ನೆಯ ಚಿತ್ರ ಬಳಸೋಕಾಗಲ್ಲ. ನಿಮ್ಮ ಹಿಂದೆ ಇಡೀ ಊರು ಆಕಳಿಸ್ತಾ ಕೂತಿದೆ. ಆದ್ರೆ ಆ ಮುಖ ಬಿಡೋಕೂ ಮನಸ್ಸಿಲ್ಲ. ಹಾಗೇ ಬಾಯಿ ತೆಗೀರಿ, ಅಚ್ಚು ತಗೋತೀನಿ. ತಂಡಕ್ಕೆಲ್ಲ ಇದೇ ಮುಖವಾಡ."

"ದೂತನಿಗೂ?"

"ಅವನಿಗೇ ಮೊದಲು. ಮಾತು ಮುಗಿಸೋರು ಬೇಕಲ್ಲ, ಅದಕ್ಕೆ ಆ ಪಾತ್ರ ಮಾಡೋಕೆ ಸ್ತಾಥಿಸ್‌ಗೆ ಹೇಳಿದೀನಿ."

ಸಿನಿಮಾ ಊರ ಚೌಕದಲ್ಲಿ ತೋರಿಸಿದಾಗ ರಾಜ, ರಾಣಿ, ಮೇಳ, ಎಲ್ಲರಿಗೂ ಆರ್ಗಿರಿಸನದೇ ಮುಖ. ಎವಾಂಥಿಯಾ ಕಣ್ಣು ಕಿರಿದಾಗಿಸಿ ನೋಡಿದಳು.

"ಇದರಲ್ಲಿ ನೀನ್ಯಾರು?"

"ನಾನು ಇಲ್ಲೇ ಕೂತಿದೀನಲ್ಲೇ."

"ಶ್, ಸುಮ್ನಿರು. ದೂತ ಬಂದ."