ಕರ್ನಲ್ ಸಾಹೇಬರ ಅಳಿಯಸಂತಾನ

ಪೂವಪ್ಪನ ಕಷ್ಟಕ್ಕೆಲ್ಲ ಮೂಲ ಕಾರಣ ಬೂತಾಯಿ ಮೀನು. ಅದೂ ಹಿಂದಿನ ದಿನ ಮಾಡಿಟ್ಟು, ಬೆಳಗಾಗುವಷ್ಟರಲ್ಲಿ ಹುಳಿಖಾರ ಚೆನ್ನಾಗಿ ಹಿಡಿದಿದ್ದ ಬೂತಾಯಿ ಪುಳಿಮುಂಚಿ.

ಸಾವಿರದ ಒಂಬೈನೂರ ಎಂಬತ್ತಾರರ ಒಂದು ಗುರುವಾರ, ಗಲ್ಫಿನಲ್ಲಿ ವಾರದ ರಜೆಯ ದಿನ. ಮಸ್ಕತ್ತಿನ ಅಲ್ ಹೈಲ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಪೂವಪ್ಪ ಸ್ನಾನ ಮುಗಿಸಿ ಹೊರಗೆ ಬಂದಾಗ, ಅವನ ರೂಮ್‌ಮೇಟ್ ಭೋಜರಾಜ ನೆಲದ ಮೇಲೆ ಕಾಗದ ಹಾಸಿಕೊಂಡು, ಅದರ ನಡುವೆ ಮೀನಿನ ಪಾತ್ರೆ ಇಟ್ಟುಕೊಂಡು, ಕುಬ್ಬೂಸ್ ರೊಟ್ಟಿ ಅದ್ದಿ ಅದ್ದಿ ತಿನ್ನುತ್ತಿದ್ದ. ಗಲ್ಫಿನ ಬ್ಯಾಚಲರ್ ರೂಮುಗಳಲ್ಲಿ ಊಟದ ಮೇಜು ಎಂದರೆ ಹಳೆಯ ಪೇಪರೇ. ಆದರೆ ಆ ದಿನದ ಪೇಪರು ಯಾಕೋ ಹೆಚ್ಚು ಬಿಳಿಯಾಗಿತ್ತು.

"ಭೋಜಣ್ಣ, ಈ ಹಾಳೆ ಎಲ್ಲಿಂದ ತೆಗೆದದ್ದು ನೀವು?"

"ಟೇಬಲ್ ಮೇಲೆ ಇತ್ತು ಮಾರಾಯ. ನಿನ್ನೆಯ ಪೇಪರು ಎದುರುಮನೆ ಪೊರ್ಬುಗಳು ತಕೊಂಡು ಹೋಗಿದ್ದಾರೆ. ಇದು ಒಳ್ಳೆ ದಪ್ಪ ಉಂಟು, ಗಸಿ ಕೆಳಗೆ ಇಳಿಯುವುದಿಲ್ಲ."

"ಅಯ್ಯೋ, ಅದು ಕರ್ನಲ್ ಸಾಹೇಬರ ವಂಶಾವಳಿ!"

ಭೋಜರಾಜ ಬಾಯಿಂದ ಒಂದು ಮುಳ್ಳು ತೆಗೆದು ಹಾಳೆಯ ಅಂಚಿನಲ್ಲಿ, ಸುಮಾರು ಹದಿನೇಳನೆಯ ಶತಮಾನದ ಮೇಲೆ ಇಟ್ಟ. "ಹೌದಾ? ಅದನ್ನು ಮೊದಲೇ ಹೇಳಬೇಕಲ್ಲ" ಎಂದ.

ಕರ್ನಲ್ ಸರ್ ಆಗಸ್ಟಸ್ ಪಿಂಬಲ್‌ಷಾ ಪೂವಪ್ಪನ ಕಂಪನಿಯ ಮ್ಯಾನೇಜರು. ಇಂಗ್ಲೆಂಡಿನ ದೊಡ್ಡ ಮನೆತನ. ಮೂವತ್ತು ವರ್ಷ ಅಲ್ಲಿನ ಸೈನ್ಯದಲ್ಲಿದ್ದು, ಸೈಪ್ರಸ್ಸಿನಲ್ಲಿ ಕುದುರೆಯಿಂದ ಬಿದ್ದು ಪದಕ ಪಡೆದು, ಆಮೇಲೆ ಮಸ್ಕತ್ತಿಗೆ ಬಂದು ಸಿಮೆಂಟು ಕಬ್ಬಿಣದ ಲೆಕ್ಕ ನೋಡುತ್ತ ಕೂತವರು. ಈಗ ಅರವತ್ತು ತುಂಬಿತ್ತು. ಊರಿಗೆ ಹೋಗಿ ಪಿಂಬಲ್ ಹಾಲ್ ಎಂಬ ತಮ್ಮ ನಲವತ್ತು ಕೋಣೆಗಳ ಬಂಗಲೆಯಲ್ಲಿ ಎರಡು ನಾಯಿಗಳ ಜೊತೆ ಒಬ್ಬರೇ ಇರಬೇಕೆಂಬುದು ಅವರ ಆಸೆ. ಆ ಸಂಜೆಯೇ ಬೀಳ್ಕೊಡುಗೆ ಟೀ ಪಾರ್ಟಿ. ಅಲ್ಲಿ ತಮ್ಮ ಜೀವನಚರಿತ್ರೆ ಮತ್ತು ವಂಶಾವಳಿಯನ್ನು ಎಲ್ಲರೆದುರು ಓದಿಸಬೇಕೆಂದು ಅವರೇ ತೀರ್ಮಾನಿಸಿದ್ದರು. ಬೇರೆಯವರು ಓದಿಸಲಿ ಎಂದು ಕಾದರೆ ಆಗುವ ಕೆಲಸವಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಪೂವಪ್ಪನಿಗೆ ಟೈಪ್ ಮಾಡುವ ಕೆಲಸ. ಜೀವನಚರಿತ್ರೆ ಮುಗಿದಿತ್ತು. ವಂಶಾವಳಿಯ ಹಾಳೆ ಮಾತ್ರ ಬುಧವಾರ ಆಫೀಸು ಮುಚ್ಚುವ ಹೊತ್ತಿಗೆ ಕೈಗೆ ಬಂದಿತ್ತು. ಬಿಡಿಸಿಯೂ ನೋಡದೆ ಮನೆಗೆ ತಂದಿದ್ದ.

"ಮೊದಲು ವಂಶಾವಳಿ, ಆಮೇಲೆ ರಜೆ" ಎಂದಿದ್ದರು ಕರ್ನಲ್.

ರಜೆ ಎಂದರೆ ಸುಮ್ಮನೆ ರಜೆಯಲ್ಲ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕಾಪುವಿನಲ್ಲಿ ತಂಗಿ ಲೋಲಾಕ್ಷಿಯ ಮಗಳು ಅಪ್ಪಿಯ ಮದುವೆ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಎಂದರೆ ಪೂವಪ್ಪ. "ಮಾವ ಬಾರದಿದ್ದರೆ ನಾನು ಮಂಟಪ ಹತ್ತುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಾಳೆ ಅಣ್ಣ" ಎಂದು ತಂಗಿ ಬರೆದಿದ್ದಳು. ಆ ಸಾಲು ಓದಿದಾಗ ಪೂವಪ್ಪನಿಗೆ ಕಣ್ಣು ತುಂಬಿತ್ತು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೇ ನಿದ್ದೆ ಮಾಡುತ್ತಿದ್ದ ಮಗು ಅದು. ಶುಕ್ರವಾರ ಬೆಳಿಗ್ಗೆ ಬಾಂಬೆಗೆ ವಿಮಾನ, ಅಲ್ಲಿಂದ ಬಸ್ಸು. ಟಿಕೇಟು ಪೆಟ್ಟಿಗೆಯಲ್ಲಿತ್ತು. ಪಾಸ್‌ಪೋರ್ಟು ಆಫೀಸಿನ ಕಪಾಟಿನಲ್ಲಿತ್ತು, ಅದು ಹೊರಗೆ ಬರಬೇಕಾದರೆ ರಜೆಯ ಕಾಗದಕ್ಕೆ ಕರ್ನಲರ ಸಹಿ ಬೀಳಬೇಕು.

"ಫೋನ್ ಮಾಡಿ ಇನ್ನೊಂದು ಬರೆಸಿಕೋ" ಎಂದ ಭೋಜರಾಜ.

"ಎಲ್ಲಿಗೆ ಮಾಡುವುದು? ಇಂಗ್ಲೆಂಡಿನಿಂದ ಅವರ ತಂಗಿ, ತಂಗಿಯ ಮಗ ಬಂದಿದ್ದಾರೆ. ಬೆಳಿಗ್ಗೆ ಬೇಗ ಎದ್ದು ರುಸ್ತಾಕ್ ಕೋಟೆ ತೋರಿಸಲಿಕ್ಕೆ ಹೋಗಿದ್ದಾರೆ. ಬರುವುದು ಸಂಜೆ ನಾಲ್ಕಕ್ಕೆ!"

ಗದ್ದಲ ಕೇಳಿ ಎದುರುಮನೆಯ ಸ್ಟೀಫನ್ ಮತ್ತು ಅವನ ಹೆಂಡತಿ ಐಡಾ ಬಂದರು. ಸ್ಟೀಫನ್ ಬ್ಯಾಂಕಿನಲ್ಲಿ ಗುಮಾಸ್ತ, ಕೊಂಕಣಿ ಕ್ರಿಶ್ಚಿಯನ್; ತುಳುವರ ಬಾಯಲ್ಲಿ 'ಪೊರ್ಬುಗಳು'. ಹಾಳೆ ನೋಡಿದವನೇ "ಸಾಯ್ಬಾ!" ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಐಡಾ ಮಾತ್ರ ಧೈರ್ಯಗೆಡಲಿಲ್ಲ. "ಇಷ್ಟಕ್ಕೆ ಯಾಕೆ ಹೆದರುವುದು ಪೂವಪ್ಪಣ್ಣ? ಮೀನಿನ ಕಲೆ ಅಲ್ವಾ? ಲಿಂಬೆಹುಳಿ ಹಾಕಿ ಉಜ್ಜಿದರೆ ಹೋಗ್ತದೆ" ಎಂದು ಹಾಳೆಯನ್ನು ಸಿಂಕಿಗೆ ಒಯ್ದಳು.

ಕಲೆ ಹೋಯಿತು. ಅದರ ಜೊತೆಗೆ ಒಬ್ಬ ಜನರಲ್, ಇಬ್ಬರು ಬಿಷಪ್ಪರು ಮತ್ತು ಒಂದು ಇಡೀ ಶತಮಾನವೂ ಹೋಯಿತು. ಕರ್ನಲರ ನೀಲಿ ಶಾಯಿ ಲಿಂಬೆಹುಳಿಗೆ ಹೆದರಿ ಓಡಿತ್ತು.

"ಒದ್ದೆ ಇರುವಾಗ ಕಾಣುವುದಿಲ್ಲ ಅಷ್ಟೇ. ಇಸ್ತ್ರಿ ಹಾಕಿದರೆ ಮತ್ತೆ ಬರ್ತದೆ" ಎಂದಳು ಐಡಾ. ಇಸ್ತ್ರಿ ಹಾಕಿದಾಗ ಹಾಳೆಯ ಮಧ್ಯೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತು ಬಿದ್ದು, ಒಂದು ತೂತೂ ಆಯಿತು. ಮನೆಯ ತುಂಬ ಹುರಿದ ಬೂತಾಯಿಯ ಪರಿಮಳ ಹಬ್ಬಿತು. "ಮಕ್ಕಳ ಊಟದ ಹೊತ್ತಾಯಿತು" ಎಂದು ಐಡಾ ಮೆಲ್ಲನೆ ಮನೆಗೆ ನಡೆದಳು.

ಉಳಿದದ್ದು ಇಷ್ಟು: ಮೇಲ್ಗಡೆ 'ಲೇಡಿ ಆಗಸ್ಟಾ' ಎಂಬ ಹೆಸರು, ನಡುವೆ ಅಲ್ಲಲ್ಲಿ ನಾಲ್ಕೈದು ಹೆಸರುಗಳು, ತಳದಲ್ಲಿ 'ಪಿಂಬಲ್ ಹಾಲ್... ನನ್ನ ತಂಗಿಯ ಮಗ ಸೆಡ್ರಿಕ್...' ಎಂಬ ಅರ್ಧ ಸಾಲು. ಆಮೇಲೆ ತೂತು.

ಪೂವಪ್ಪ ತಲೆಗೆ ಕೈಹೊತ್ತು ಕೂತ. ಭೋಜರಾಜನ ಮುಖ ಮಾತ್ರ ಅರಳಿತು. ಊರಿನ ದೊಡ್ಡ ಮನೆಯವನು ಅವನು. ಯಾರ ಕುಟುಂಬ ಯಾವ ಬಳಿಗೆ, ಯಾವ ತಾಯಿಬೇರಿಗೆ ಸೇರಿದ್ದು, ಯಾರ ಯಜಮಾನಿಕೆ ಯಾರಿಗೆ ಹೋಗಬೇಕು ಎಂದು ತೀರ್ಪು ಹೇಳುವುದರಲ್ಲಿ ಎತ್ತಿದ ಕೈ. ಹನ್ನೆರಡು ವರ್ಷದಿಂದ ಮಸ್ಕತ್ತಿನಲ್ಲಿ ಈ ವಿದ್ಯೆಯನ್ನು ಕೇಳುವವರೇ ಇರಲಿಲ್ಲ.

"ಇದರಲ್ಲಿ ತಲೆಬಿಸಿ ಮಾಡುವಂಥದ್ದು ಎಂತ ಉಂಟು ಮಾರಾಯ? ಮೇಲೆ ಹೆಂಗಸಿನ ಹೆಸರು, ಕೆಳಗೆ ತಂಗಿಯ ಮಗನ ಹೆಸರು. ನಮ್ಮ ಹಾಗೆಯೇ. ಮಾವನದ್ದು ತಂಗಿಯ ಮಗನಿಗೆ. ಅಳಿಯಸಂತಾನ!"

"ಇಂಗ್ಲಿಷಿನವರಲ್ಲಿ ಹಾಗೆ ಉಂಟಾ ಭೋಜಣ್ಣ? ಅವರಲ್ಲಿ ಅಪ್ಪನದ್ದು ಮಗನಿಗೆ ಅಲ್ವಾ?"

"ಅವರ ದೇಶ ಆಳುವುದು ಯಾರು? ರಾಣಿ. ಅವಳಿಗೆ ಬಂದದ್ದು ಹೇಗೆ ಮತ್ತೆ?"

"ಅಪ್ಪನಿಂದ ಬಂದದ್ದು" ಎಂದ ಸ್ಟೀಫನ್.

"ಪೊರ್ಬುಗಳೇ, ನೀವು ಸ್ವಲ್ಪ ಸುಮ್ಮನಿರಿ. ತಂಗಿಯ ಮಗನ ಹೆಸರು ಬರೆದು ಅದರ ಮುಂದೆ ಎಂತ ಬರೆಯುತ್ತಾರೆ ಹೇಳಿ? ನಿನ್ನ ತಂಗಿಯ ಮಗಳ ಮದುವೆಗೆ ನೀನು ಕುಣಿದುಕೊಂಡು ಹೊರಟಿದ್ದಿಯಲ್ಲ ಪೂವಪ್ಪ, ನೀನು ಬರೆಯುವುದಾದರೆ ಎಂತ ಬರೀತಿದ್ದಿ?"

ಪೂವಪ್ಪ ಯೋಚಿಸಿದ. ಸೋದರಮಾವನಾದವನು ತಂಗಿಯ ಮಗನ ಬಗ್ಗೆ ಒಳ್ಳೆಯದನ್ನಲ್ಲದೆ ಬೇರೆ ಏನನ್ನಾದರೂ ಬರೆಯಬಹುದು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಅವನು ಆಫೀಸಿನಿಂದ ತಂದಿದ್ದ ಟೈಪ್‌ರೈಟರಿಗೆ ಕಾಗದ ಏರಿಸಿದ. ಭೋಜರಾಜ ಹೇಳುತ್ತ ಹೋದ. ಪ್ರತಿಯೊಬ್ಬರಿಗೂ ಜ್ಞಾನಸ್ನಾನಕ್ಕೆ ಒಬ್ಬ ಗಾಡ್‌ಫಾದರ್ ಇಲ್ಲದಿದ್ದರೆ ಮರ್ಯಾದೆಯಲ್ಲ ಎಂದು ಸ್ಟೀಫನ್ ಪಟ್ಟುಹಿಡಿದು, ತನ್ನ ಮಾವಂದಿರ ಹೆಸರುಗಳನ್ನೇ ಒದಗಿಸಿದ. ಮೂರೂವರೆಗೆ ಪಿಂಬಲ್‌ಷಾ ವಂಶ ಸಿದ್ಧವಾಯಿತು.

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಕರ್ನಲರ ಬಂಗಲೆಯ ತೋಟದಲ್ಲಿ ನಲವತ್ತು ಜನ ಸೌತೆಕಾಯಿ ಸ್ಯಾಂಡ್‌ವಿಚ್ ಹಿಡಿದುಕೊಂಡು ನಿಂತಿದ್ದರು. ಮುಂದಿನ ಸಾಲಿನಲ್ಲಿ ಕಂಪನಿಯ ಯಜಮಾನರಾದ ಶೇಖ್. ಅವರ ಪಕ್ಕದಲ್ಲಿ ಕರ್ನಲರ ತಂಗಿ ಲೇಡಿ ಹೆನ್ರಿಯೆಟ್ಟಾ. ಅದಕ್ಕೂ ಆಚೆ ಅವಳ ಮಗ ಸೆಡ್ರಿಕ್. ಮೂವತ್ತೆರಡು ವರ್ಷ, ಆರಡಿ ಎರಡಂಗುಲ, ಕೈಯಲ್ಲಿ ಲೋಟ. ಹುಟ್ಟಿದಂದಿನಿಂದ ಅವನು ಹಿಡಿದ ಕೆಲಸ ಅದೊಂದೇ ಎಂದು ನೋಡಿದರೇ ತಿಳಿಯುತ್ತಿತ್ತು.

ರುಸ್ತಾಕ್‌ನ ಬಿಸಿಲಿಗೆ ಕರ್ನಲರ ಮೂಗು ಕೆಂಪಾಗಿತ್ತು. "ನೀನೇ ಓದು ಪೂವಪ್ಪ. ನನ್ನ ಹೊಗಳಿಕೆಯನ್ನು ನಾನೇ ಓದುವುದು ಸರಿಯಲ್ಲ" ಎಂದರು. ಆಮೇಲೆ ಕಿವಿಯ ಬಳಿ ಬಗ್ಗಿ, "ಕೊನೆಯ ಸಾಲು ಮಾತ್ರ ಗಟ್ಟಿಯಾಗಿ ಓದು. ನನ್ನ ತಂಗಿಗೆ ಕಿವಿ ಸ್ವಲ್ಪ ಮಂದ. ಅವಳಿಗೆ ಅದು ಕೇಳಲೇಬೇಕು. ಈ ಪಾರ್ಟಿ ಇಟ್ಟದ್ದೇ ಅದಕ್ಕೆ" ಎಂದು ಜೇಬಿನಿಂದ ರಜೆಯ ಕಾಗದದ ತುದಿಯನ್ನು ತೋರಿಸಿದರು. ಅದಕ್ಕೆ ಆಗಲೇ ಸಹಿಯಾಗಿತ್ತು.

ಸಹಿ ಕಂಡ ಪೂವಪ್ಪನಿಗೆ ಆನೆಬಲ ಬಂತು. ಜೀವನಚರಿತ್ರೆ ಚಪ್ಪಾಳೆಯೊಂದಿಗೆ ಮುಗಿಯಿತು. ಅವನು ಮುಂದಿನ ಹಾಳೆ ತಿರುವಿದ.

"ಪಿಂಬಲ್‌ಷಾ ಕುಟುಂಬಕ್ಕೆ ಮೂಲಪುರುಷ ಎಂದು ಯಾರೂ ಇಲ್ಲ. ಮೂಲಸ್ತ್ರೀ ಲೇಡಿ ಆಗಸ್ಟಾ. ಅವರ ಕುಟುಂಬದಲ್ಲಿ ಯಜಮಾನಿಕೆ ಅಣ್ಣನದ್ದು, ಅಣ್ಣನ ನಂತರ ತಂಗಿಯ ಮಗನದ್ದು. ತಂದೆಯಂದಿರು ಸದಾ ಯುದ್ಧಕ್ಕೆ ಹೋಗುತ್ತಿದ್ದುದರಿಂದ ಅವರ ಹೆಸರುಗಳ ಅಗತ್ಯ ಇಲ್ಲಿ ಬರುವುದಿಲ್ಲ..."

ಕರ್ನಲರು ತಮ್ಮ ಕಪ್ಪನ್ನು ಕೆಳಗಿಟ್ಟರು. ಪೂವಪ್ಪ ಅದನ್ನು ಗಮನಿಸಲಿಲ್ಲ. ಬಾಸಿಲ್ ಪಿಂಟೋ, ಮ್ಯಾಕ್ಸಿಮ್ ಲೋಬೋ ಮುಂತಾದ ಗಾಡ್‌ಫಾದರುಗಳನ್ನು ದಾಟಿ ಅವನು ಕೊನೆಗೆ ಬಂದ. ಹೇಳಿದ್ದು ನೆನಪಾಗಿ, ಎದೆತುಂಬ ಗಾಳಿ ಎಳೆದುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವಂತೆ ಕೂಗಿದ:

"ಇದೇ ಪದ್ಧತಿಯಂತೆ, ಪಿಂಬಲ್ ಹಾಲ್ ಮತ್ತು ಅದರ ನಲವತ್ತು ಕೋಣೆಗಳು ಇಂದಿನಿಂದ ನನ್ನ ತಂಗಿಯ ಮಗ, ಪ್ರೀತಿಯ ಸೆಡ್ರಿಕ್‌ಗೆ ಸೇರತಕ್ಕದ್ದು!"

ಲೇಡಿ ಹೆನ್ರಿಯೆಟ್ಟಾಗೆ ಚೆನ್ನಾಗಿಯೇ ಕೇಳಿಸಿತು. "ಆಗೀ! ನನ್ನ ಆಗೀ! ಹದಿನೈದು ವರ್ಷದಿಂದ ಇಲ್ಲ ಇಲ್ಲ ಅನ್ನುತ್ತಿದ್ದವನು ಇದನ್ನೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆಯಾ?" ಎಂದು ಆಗಸ್ಟಸನ ಚಿಕ್ಕಂದಿನ ಮುದ್ದಿನ ಹೆಸರು ಕರೆಯುತ್ತ ಅಣ್ಣನ ಕುತ್ತಿಗೆಗೆ ಜೋತುಬಿದ್ದು ಅತ್ತಳು.

ಕರ್ನಲರ ಬಾಯಿ ತೆರೆಯಿತು. ಅದರಿಂದ ಏನಾದರೂ ಹೊರಡುವ ಮೊದಲೇ ಶೇಖ್ ಎದ್ದುಬಂದು ಅವರನ್ನು ಅಪ್ಪಿಕೊಂಡರು. "ಮಾಶಾ ಅಲ್ಲಾ! ತಂಗಿಯ ಮಗನಿಗೆ ಮನೆಯನ್ನೇ ಕೊಟ್ಟುಬಿಡುವ ದೊಡ್ಡ ಮನಸ್ಸು! ಇಂಥವರನ್ನು ನಾನು ಕಳಿಸಿಕೊಡುವುದೆ? ಇನ್ನೆರಡು ವರ್ಷ ನೀವು ಇಲ್ಲೇ. ಆ ಹುಡುಗನಿಗೂ ನಮ್ಮ ಆಫೀಸಿನಲ್ಲೇ ಕೆಲಸ. ಖಲಾಸ್!"

ನಲವತ್ತು ಜನ ಚಪ್ಪಾಳೆ ತಟ್ಟಿದರು. ಶೇಖ್ ಎದುರು, ಅಳುತ್ತಿರುವ ತಂಗಿಯ ಎದುರು, ಇಲ್ಲ ಎನ್ನುವ ಧೈರ್ಯ ಕರ್ನಲರ ಪದಕದಲ್ಲಿ ಇರಲಿಲ್ಲ. ಅವರು ಹಲ್ಲು ಬಿಗಿಹಿಡಿದು ನಕ್ಕರು. ಆಮೇಲೆ ಪೂವಪ್ಪನ ತೋಳು ಹಿಡಿದು ಬೊಗನ್‌ವಿಲ್ಲಾ ಗಿಡದ ಹಿಂದೆ ಎಳೆದೊಯ್ದರು.

"ನಾನು ಬರೆದದ್ದು ಏನು ಗೊತ್ತೇ? 'ಪಿಂಬಲ್ ಹಾಲ್ ಯಾವುದಾದರೂ ಶಾಲೆಯ ಪಾಲಾದರೂ ಸರಿ, ನನ್ನ ತಂಗಿಯ ಮಗ ಸೆಡ್ರಿಕ್ ಮಾತ್ರ ಅದರ ಮೆಟ್ಟಿಲು ಹತ್ತಕೂಡದು.'"

ಪೂವಪ್ಪ ಕೈಮುಗಿದ. "ಸರ್, ಆ ಜಾಗದಲ್ಲಿ ತೂತು ಇತ್ತು. ನಮ್ಮಲ್ಲಿ ತಂಗಿಯ ಮಕ್ಕಳೆಂದರೆ ಸೋದರಮಾವನದ್ದೇ ಜವಾಬ್ದಾರಿ ಸರ್, ಅದಕ್ಕೆ..."

"ನಿಮ್ಮಲ್ಲಿ ಹಾಗೋ?"

"ಹೌದು ಸರ್."

"ಹಾಗಾದರೆ ನನಗಿಂತ ಆ ಕೆಲಸ ನಿನಗೆ ಚೆನ್ನಾಗಿ ಗೊತ್ತು. ಶನಿವಾರದಿಂದ ಸೆಡ್ರಿಕ್ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ. ಅವನಿಗೆ ಟೈಪಿಂಗ್ ಬರುವವರೆಗೆ ನಿನಗೆ ರಜೆ ಇಲ್ಲ." ಸಹಿಯಾಗಿದ್ದ ಕಾಗದವನ್ನು ಅವರು ನಾಲ್ಕು ಮಡಿಕೆ ಮಾಡಿ ಜೇಬಿನ ಆಳಕ್ಕೆ ಇಳಿಸಿದರು.

ಸುದ್ದಿ ಕೇಳಿದ ಭೋಜರಾಜ, "ಬೇಜಾರು ಮಾಡಬೇಡ ಮಾರಾಯ. ಏನೇ ಆಗಲಿ, ಮನೆ ಸೇರಬೇಕಾದವನಿಗೇ ಸೇರಿತು" ಎಂದ. ಪೂವಪ್ಪ ಅವನ ಮುಖವನ್ನೂ ನೋಡದೆ ತಂಗಿಗೆ ಟೆಲಿಗ್ರಾಮ್ ಬರೆದ. ಆರು ಪದ ಬರೆಯುವಷ್ಟರಲ್ಲಿ ಮೂರು ಸಲ ಕಣ್ಣೊರೆಸಿಕೊಂಡ.

ಭಾನುವಾರ ಬೆಳಿಗ್ಗೆ ಮಸ್ಕತ್ತಿನಲ್ಲಿ ಗಂಟೆ ಒಂಬತ್ತು. ಊರಿನಲ್ಲಿ ಹತ್ತೂವರೆ. ಆಫೀಸಿನ ಎದುರು ಟ್ಯಾಕ್ಸಿ ನಿಂತಿತು. ಹಿಂದಿನ ದಿನದ ಅಮಲು ಇನ್ನೂ ಇಳಿಯದ ಸೆಡ್ರಿಕ್ ಬಾಗಿಲು ತೆರೆದು, ಮೊದಲನೆಯ ಮೆಟ್ಟಿಲನ್ನೇ ಬಹಳ ಹೊತ್ತು ನೋಡುತ್ತ ನಿಂತ. ಪೂವಪ್ಪ ಇಳಿದುಬಂದ. ಊರಿನಲ್ಲಿ ಈಗ ವಾದ್ಯ ಶುರುವಾಗಿರುತ್ತದೆ, ಅಪ್ಪಿ ತಲೆತಗ್ಗಿಸಿ ಮಾವನಿಗಾಗಿ ಕಾಯುತ್ತಿರುತ್ತಾಳೆ ಎಂದುಕೊಂಡ.

"ಬಾ ಮಗಾ" ಎಂದು ಆರಡಿ ಎರಡಂಗುಲದ ಅಳಿಯನ ಕೈಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಹೋದ.