ಫೋನಿನ ಬಳಿ ಒಬ್ಬರು

ಅರ್ಜಿಯಲ್ಲಿ ಹದಿನಾಲ್ಕನೆಯ ಕಾಲಂ ಒಂದು ಇಲ್ಲದಿದ್ದರೆ ನಕ್ಷೆರಾಯನ ಶುಕ್ರವಾರ ಸುಖವಾಗಿ ಕಳೆದುಹೋಗುತ್ತಿತ್ತು.

ನಕ್ಷೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸರ್ವೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಡಿನ ನಕ್ಷೆ ಬರೆಯುತ್ತ ಕುಳಿತವನಿಗೆ ಜೊತೆಯವರು ಕೊಟ್ಟ ಬಿರುದು. ಕಾಡಿನಲ್ಲಿ ಎಷ್ಟು ಹಳ್ಳಗಳಿವೆ, ಯಾವ ತಿರುವಿನಲ್ಲಿ ಎಷ್ಟು ಏರಿದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲ. ಆದರೆ ಆ ಕಾಡಿನ ಒಂದು ಎಲೆಯನ್ನೂ ಮುಟ್ಟಿದವನಲ್ಲ. ನಡುಗಾಡಿನ ಬೋಳುಗುಡ್ಡದ ನೆತ್ತಿಯ ಮೇಲೆ ಒಮ್ಮೆ ನಿಲ್ಲಬೇಕು, ತಾನು ಎಳೆದ ಗೆರೆಗಳೆಲ್ಲ ಕೆಳಗೆ ನಿಜವಾಗಿಯೂ ಇವೆಯೇ ಎಂದು ಕಣ್ಣಾರೆ ನೋಡಬೇಕು. ಬದುಕಿನಲ್ಲಿ ಅವನಿಗಿದ್ದ ದೊಡ್ಡ ಆಸೆ ಇದೊಂದೇ.

ಆ ದಾರಿಯಲ್ಲಿ ಕಾರು ಹೋಗದು. ಕಲ್ಲು, ಕೆಸರು, ಹಳ್ಳ ಏನೇ ಬಂದರೂ ಹತ್ತಿಳಿಯುವ ನಾಲ್ಕು ದಪ್ಪ ಚಕ್ರದ ಎ.ಟಿ.ವಿ. ಗಾಡಿಯೇ ಬೇಕು. ಅದೂ ಈ ಭಾನುವಾರದವರೆಗೆ ಮಾತ್ರ, ಆಮೇಲೆ ವರ್ಷವಿಡೀ ದಾರಿ ಬಂದ್. ಬಾಡಿಗೆಗೆ ಗಾಡಿ ಗೊತ್ತುಮಾಡಿ ಆಗಿತ್ತು. ಅದರಲ್ಲಿ ಎರಡೇ ಸೀಟು. ಓಡಿಸುವುದಕ್ಕೆ ಭಾವಮೈದ, ದಾರಿ ಹೇಳುವುದಕ್ಕೆ ನಕ್ಷೆರಾಯ. ಎಲ್ಲಿ ನಿಲ್ಲುವುದು, ಎಷ್ಟು ನಿಮಿಷ ನಿಲ್ಲುವುದು, ಹಗ್ಗ ಎಷ್ಟು ಮಾರು, ಗಾಯಕ್ಕೆ ಕಟ್ಟುವ ಪಟ್ಟಿ ಯಾವ ಚೀಲದಲ್ಲಿ ಎಂದು ಎಂಟು ಪುಟದ ಯೋಜನೆಯೂ ಸಿದ್ಧವಾಗಿತ್ತು. "ಭಾವ, ಸೀನು ಬಂದ್ರೆ ಎಷ್ಟನೇ ಮೈಲಿಯಲ್ಲಿ ಸೀನಬೇಕು ಅಂತ ಬರೆದಿಲ್ವಲ್ಲ" ಎಂದು ಭಾವಮೈದ ಕೆಣಕಿದ್ದ.

ಕಾಡಿಗೆ ಹೋಗಲು ಅನುಮತಿ ಬೇಕು, ಅದರ ಅರ್ಜಿ ಕೊಡಲು ಶುಕ್ರವಾರ ಸಂಜೆ ಐದೇ ಕೊನೆ. ಬೆಳಿಗ್ಗೆ ಅದನ್ನು ತುಂಬುತ್ತ ಕುಳಿತಾಗ ಹದಿನಾಲ್ಕನೆಯ ಕಾಲಂ ಕಣ್ಣಿಗೆ ಬಿತ್ತು: "ನೀವು ಹೊತ್ತಿಗೆ ಸರಿಯಾಗಿ ಮರಳದಿದ್ದಲ್ಲಿ ನಿಮ್ಮನ್ನು ಹುಡುಕಿಸಲು, ಫೋನಿನ ಬಳಿ ಕೂರುವ, ನಕ್ಷೆ ಓದಬಲ್ಲ ಒಬ್ಬರ ಹೆಸರು. ಸದರಿಯವರು ಖುದ್ದಾಗಿ ಹಾಜರಾಗತಕ್ಕದ್ದು."

ಕಚೇರಿಯಲ್ಲಿ ನಕ್ಷೆ ಬಲ್ಲವರು ಇನ್ನಿಬ್ಬರಿದ್ದರು. ಒಬ್ಬ ರಜೆ ಹಾಕಿ ಮಗಳ ಊರಿಗೆ ಹೋಗಿದ್ದ. ಇನ್ನೊಬ್ಬ ಫೋನಿನಲ್ಲೇ ಸಿಡಿದ. "ಭಾನುವಾರಾನೂ ನಕ್ಷೆ ನೋಡು ಅಂದ್ರೆ ಸೋಮವಾರ ರಾಜೀನಾಮೆ ಕೊಡ್ತೀನಿ, ನೋಡಿ ಮತ್ತೆ!"

ಈ ಮಾತು ಪಕ್ಕದ ಮನೆಯ ಮೇಷ್ಟ್ರ ಕಿವಿಗೆ ಬಿತ್ತು. ನಿವೃತ್ತರಾದ ಮೇಲೆ ಅವರ ಕಿವಿಗೆ ಬೀಳದ ಮಾತು ಬೀದಿಯಲ್ಲಿ ಇರಲಿಲ್ಲ.

"ನಾನಿರೋವಾಗ ನಿಮಗೇನ್ರೀ ಯೋಚನೆ? ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೀನಿ. ನಡೀರಿ!"

ಕಾಡಂಚಿನ ಠಾಣೆಯಲ್ಲಿ ದಪ್ಪ ಮೀಸೆಯ ರೇಂಜರ್ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. "ಫೋನ್ ಬಂತು ಅಂದುಕೊಳ್ಳಿ. ಎಡಕ್ಕೆ ನೀರಿನ ಸದ್ದು, ಎದುರಿಗೆ ಗೋಡೆ ಥರ ಏರು, ಬೆನ್ನ ಹಿಂದೆ ಬಯಲು. ಅವರು ಎಲ್ಲಿದ್ದಾರೆ?"

ಮೇಷ್ಟ್ರು ಕನ್ನಡಕ ಏರಿಸಿದರು, ಇಳಿಸಿದರು, ನಕ್ಷೆಯನ್ನು ಒಂದು ಸುತ್ತು ತಿರುಗಿಸಿದರು. ಕೊನೆಗೆ ನಕ್ಷೆರಾಯನ ಕಡೆಗೇ ತಿರುಗಿ ಗದರಿದರು. "ಅಲ್ರೀ, ಇಷ್ಟೊಂದು ನದಿ ಇರೋ ಕಡೆ ಗಾಡಿ ತಗೊಂಡು ಹೋಗ್ತಾರೇನ್ರೀ? ದೋಣಿ ಅಲ್ವೇ ಬೇಕಾಗಿದ್ದು?"

ಬೆಟ್ಟದ ಎತ್ತರ ತೋರಿಸುವ ಗೆರೆಗಳನ್ನೆಲ್ಲ ಅವರು ನದಿಗಳೆಂದು ತಿಳಿದಿದ್ದರು. ರೇಂಜರ್ ಮೀಸೆಯ ಮರೆಯಲ್ಲಿ ನಕ್ಕು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಗಂಟೆ ಹನ್ನೆರಡಾಗಿತ್ತು.

ನಕ್ಷೆರಾಯ ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕುಳಿತ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು. ಅರ್ಧ ಬೀದಿಯ ಬಟ್ಟೆ ಹೊಲಿಯುವವಳು ಅವಳೇ. ನೂಲು ಕಚ್ಚಿ ತುಂಡರಿಸಿ ಕೇಳಿದಳು, "ಏನ್ರೀ ಆಯ್ತು?"

"ಏನಿಲ್ಲ ಬಿಡು. ನಿನಗೆ ಗೊತ್ತಾಗೋದಲ್ಲ ಅದು."

"ಗೊತ್ತಾಗದೇ ಇದ್ರೆ ಸುಮ್ನಿರ್ತೀನಿ. ಹೇಳಿ ನೋಡಿ."

ಬೇರೆ ದಾರಿ ಕಾಣದೆ ನಕ್ಷೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಡಿಸಿದ. ಗಂಟಲು ಸರಿಮಾಡಿಕೊಂಡು "ಎತ್ತರದ ಗೆರೆ ಅಂದ್ರೆ..." ಎಂದು ಶುರು ಮಾಡಿದ. ಅವಳು ಆಗಲೇ ಬೆರಳಿಟ್ಟಿದ್ದಳು.

"ಇಲ್ಲಿ ಗೆರೆ ಒತ್ತಾಗಿದೆ. ಅಂದ್ರೆ ಇಲ್ಲಿ ಉಬ್ಬು. ನಾವು ರವಿಕೇಲಿ ಉಬ್ಬು ಬರಲಿ ಅಂತ ಬಟ್ಟೆ ಮಡಿಸಿ ಟಕ್ಸ್ ಹಿಡಿಯೋಲ್ವೇ, ಹಾಗೆ. ಇಲ್ಲಿ ಗೆರೆ ದೂರ ದೂರ, ಮಟ್ಟಸ. ಇದು ಹಳ್ಳ, ಸೆರಗಿನ ಮಡಿಕೆ ಥರ ಒಳಗೆ ಹೋಗಿದೆ. ಚಪ್ಪಟೆ ಕಾಗದ ನೋಡಿ ಮೈ ಹೇಗಿರುತ್ತೆ ಅಂತ ಊಹೆ ಮಾಡೋದು ತಾನೆ? ದಿನಾ ಮಾಡೋ ಕೆಲಸವೇ ಇದು."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನಕ್ಷೆರಾಯನ ಪಾಡು. ಇಪ್ಪತ್ತು ವರ್ಷದ ಸಂಸಾರದಲ್ಲಿ ತನ್ನ ಕೆಲಸವೇನೆಂದು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲವಲ್ಲ ಎಂದು ಮೊದಲ ಸಲ ನಾಚಿಕೆಯಾಯಿತು. ಮೂರು ಗಂಟೆಯವರೆಗೂ ಇಬ್ಬರೂ ನಕ್ಷೆಯ ಮೇಲೆ ಬಗ್ಗಿಕೊಂಡಿದ್ದರು. ಅವಳು ಒಂದು ಹಳ್ಳ ಕೇಳಿದರೆ ಅವನು ನಾಲ್ಕು ಹೇಳಿದ. ಊಟ ಇಬ್ಬರಿಗೂ ನೆನಪಾಗಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಭಾವಮೈದನ ಸಾಮಾನು ಸಾಗಿಸುವ ಆಟೋದಲ್ಲಿ ಕುಕ್ಕಿಸಿಕೊಂಡು ಮೂವರೂ ಠಾಣೆ ತಲುಪಿದರು. ರೇಂಜರ್ ಅದೇ ಪ್ರಶ್ನೆ ಕೇಳಿದರು. ಅವರು ಬಾಯಿ ಮುಚ್ಚುವ ಮೊದಲೇ ಅವಳ ಬೆರಳು ನಕ್ಷೆಯ ಮೇಲಿತ್ತು.

"ಇಲ್ಲೇ ಸಾರ್. ಹಳ್ಳ ಎಡಕ್ಕೆ ಬಂದು ಗೆರೆ ಇಷ್ಟು ಒತ್ತಾಗಿರೋದು ಇದೊಂದೇ ಕಡೆ."

"ಶಭಾಷ್!" ರೇಂಜರ್ ಮೇಜು ಗುದ್ದಿದರು. ನಕ್ಷೆರಾಯನಿಗೆ ಬೋಳುಗುಡ್ಡದ ಗಾಳಿ ಆಗಲೇ ಮುಖಕ್ಕೆ ಬಡಿದಂತಾಯಿತು. ಮುದ್ರೆ ಶಾಯಿಗೆ ತಾಗಿತು, ಮೇಲೇರಿತು, ಅಲ್ಲೇ ನಿಂತಿತು.

"ಗಾಡೀಲಿ ಹೋಗೋರಿಗೂ ಒಂದು ಪ್ರಶ್ನೆ ಇದೆ. ಬೋಳುಗುಡ್ಡದ ಬುಡದಲ್ಲಿ ದಾರಿಗೆ ಅಡ್ಡ ಮರ ಬಿದ್ದಿದೆ. ನಿಮ್ಮ ನಕ್ಷೇಲಿ ಅದಿಲ್ಲ. ಏನು ಮಾಡ್ತೀರಿ?"

ನಕ್ಷೆರಾಯ ಎದೆಯುಬ್ಬಿಸಿದ. ಅದು ಅವನ ಕಸುಬಿನ ಮರ್ಯಾದೆಯ ಪ್ರಶ್ನೆ. "ಮೊದಲು ನಕ್ಷೆ ತಿದ್ದುತ್ತೀನಿ ಸಾರ್. ಮರದ ಉದ್ದ ಅಳೆದು, ದಿಕ್ಕು ನೋಡಿ, ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿ..."

"ಅಯ್ಯೋ ರಾಮ, ಹಿಂದಕ್ಕೆ ಬಂದು ಬಲಗಡೆ ಬಳಸಿಕೊಂಡು ಹೋಗಬಾರದೇ?" ಹೆಂಡತಿ ತಡೆಯಲಾರದೆ ಬಾಯಿ ಹಾಕಿದಳು. "ಅಲ್ಲಿ ಗೆರೆ ಸಡಿಲವಾಗಿದೆ, ಗಾಡಿ ಸಲೀಸಾಗಿ ಹತ್ತುತ್ತೆ."

ಭಾವಮೈದ ಕಿಟಕಿಯಾಚೆ ನೋಡತೊಡಗಿದ. ರೇಂಜರ್ ಇಬ್ಬರನ್ನೂ ಒಮ್ಮೆ ನೋಡಿ, ಅರ್ಜಿಯಲ್ಲಿ ಎರಡು ಹೆಸರು ಹೊಡೆದು ಅದಲುಬದಲು ಬರೆದರು.

"ನಕ್ಷೆ ತಿದ್ದೋರು ಫೋನಿನ ಹತ್ತಿರ ಇರಲಿ. ದಾರಿ ತಿದ್ದೋರು ಗಾಡೀಲಿರಲಿ. ಹೀಗಾದ್ರೆ ಮುದ್ರೆ ಒತ್ತುತ್ತೀನಿ, ಇಲ್ಲಾಂದ್ರೆ ಇಲ್ಲ."

ಗೋಡೆಯ ಗಡಿಯಾರ ಐದಕ್ಕೆ ಎರಡು ನಿಮಿಷ ತೋರಿಸುತ್ತಿತ್ತು.

"ಛೆ, ಬೇಡ ಸಾರ್. ಇದು ಅವರ ಆಸೆ" ಎಂದಳು ಹೆಂಡತಿ. ಆದರೆ ಹಾಗೆನ್ನುವಾಗಲೂ ಅವಳ ಬೆರಳು ಬೋಳುಗುಡ್ಡದ ನೆತ್ತಿಯನ್ನು ಬಿಟ್ಟಿರಲಿಲ್ಲ. ನಕ್ಷೆರಾಯ ಆ ಬೆರಳನ್ನು ನೋಡಿದ.

"ಒತ್ತಿ ಸಾರ್ ಮುದ್ರೆ" ಎಂದ.

ಮನೆಗೆ ಬಂದವಳು ಯಂತ್ರದ ಮುಂದೆ ಕುಳಿತಳು. ಪ್ರವಾಸಕ್ಕೆಂದು ನಕ್ಷೆರಾಯ ಆಸೆಪಟ್ಟು ತಂದಿದ್ದ ಹೊಸ ಜಾಕೆಟ್ಟು ಮೇಜಿನ ಮೇಲಿತ್ತು. ಅವಳು ಅಳತೆ ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ. ಎದೆ ಸುತ್ತು ಆರಿಂಚು ಕಮ್ಮಿ ಮಾಡಬೇಕು, ತೋಳು ನಾಲ್ಕಿಂಚು."

ಅವನು ಹಿಡಿದುಕೊಂಡ. "ಅಲ್ಲೇ, ಹಾಗೇ ಮಡಚಿ ಹೊಲಿಗೆ ಹಾಕಿದ್ರೆ ಸಾಲದೇ? ಮುಂದಿನ ವರ್ಷ ಬಿಚ್ಚಿದ್ರೆ ನನಗೂ ಆಗುತ್ತೆ."

"ಆಗುತ್ತಿತ್ತು" ಎಂದಳು ಅವಳು. ಆ ಹೊತ್ತಿಗೆ ಕತ್ತರಿ ಒಂದು ತೋಳು ದಾಟಿ ಎರಡನೆಯದಕ್ಕೆ ಬಂದಿತ್ತು. "ನೆತ್ತಿ ಮೇಲೆ ನಿಂತು ಫೋನ್ ಮಾಡ್ತೀನಿ ರೀ. ನಾನು ಏನು ನೋಡ್ತಿದೀನಿ ಅಂತ ನೀವೇ ಹೇಳಬೇಕು."

ನಕ್ಷೆರಾಯ ಭಾನುವಾರ ಬೆಳಿಗ್ಗೆಗೆಂದು ಎರಡು ಪೆನ್ಸಿಲುಗಳನ್ನು ಚೂಪು ಮಾಡಿ ಫೋನಿನ ಪಕ್ಕ ಇಟ್ಟ.